ಮೊಟ್ಟೆ ಟ್ರೇ ಗೋಡೆಯಾಚೆಗಿನ ಗಂಟೆ

ಮೊದಲೇ ಹೇಳಿಬಿಡುತ್ತೇನೆ, ಕೇಳಿಸಿಕೊಳ್ಳಿ. ಬೇರೆ ಧಾರಾವಾಹಿಗಳ ಪತ್ತೇದಾರರು ಭೂತಗನ್ನಡಿ ಹಿಡಿದು ನೆಲ ನೆಕ್ಕುತ್ತಾರೆ. ಸಿಗರೇಟಿನ ಬೂದಿ ಮೂಸುತ್ತಾರೆ. ನಮ್ಮ ಪಾಂಡವಪುರದ ತಿಮ್ಮೇಶನಿಗೆ ಅದ್ಯಾವುದೂ ಬೇಕಿಲ್ಲ. ಎರಡು ಕಿವಿ ಸಾಕು. ಕಣ್ಣು ಮುಚ್ಚಿ, ಕಿವಿ ತೆರೆದು, ಕಳ್ಳ ಇವನೇ ಎಂದು ಬೆರಳು ತೋರಿಸಿದ ಗಂಡು ಇಡೀ ಮಂಡ್ಯ ಜಿಲ್ಲೆಯಲ್ಲಿ ಇವನೊಬ್ಬನೇ. ಅನುಮಾನ ಇದ್ದವರು ಈ ಕಂತನ್ನು ಕೊನೆಯ ಸಾಲಿನವರೆಗೆ ಓದಿ. ಆಮೇಲೂ ಅನುಮಾನ ಉಳಿದರೆ ನನ್ನ ಮೀಸೆ ಬೋಳಿಸಿ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಅದು ಬೇರೆ ಮಾತು.

"ಬಾಗ್ಲು ಆಕ್ಬುಡ್ಲೇನ್ಲಾ?" ಎಂದ ಕುಮಾರ್, ಕಿರಂಗೂರಿನ ತನ್ನ ಮನೆಯ ಗೇಮಿಂಗ್ ಕೋಣೆಯಲ್ಲಿ.

"ಆಕು. ಬಾಗ್ಲು ತೆಗ್ದು ಸೌಂಡ್ ಟೆಸ್ಟ್ ಮಾಡಿದ್ರೆ ಗನ್ ಹೊಡ್ದಿದ್ದೂ ಒಂದೇ, ಎಮ್ಮೆ ಕೆಮ್ಮಿದ್ದೂ ಒಂದೇ," ಎಂದ ತಿಮ್ಮೇಶ.

ಬಾಗಿಲಿನ ಅಂಚಿಗೆಲ್ಲ ಹಳೆಯ ಟ್ಯೂಬು ಕತ್ತರಿಸಿ ಮೊಳೆ ಹೊಡೆದಿದ್ದರು. ಹಾಗಾಗಿ ಅದು ಧಡ್ ಎನ್ನಲಿಲ್ಲ. ಪಾತ್ರೆಯ ಮೇಲೆ ಮುಚ್ಚಳ ಕೂತ ಹಾಗೆ ಗುಪ್ ಎಂದಿತು. ಆ ಕ್ಷಣವೇ ಕಿರಂಗೂರು ಮಾಯವಾಯಿತು. ಶ್ರೀರಂಗಪಟ್ಟಣದ ಕಡೆ ಓಡುವ ಬಸ್ಸಿನ ಹಾರನ್ನಿಲ್ಲ, ಬೀದಿಯ ಕೋಳಿಯಿಲ್ಲ, ಹಿತ್ತಲಿನ ಹುಂಜವಿಲ್ಲ. ತಿಮ್ಮೇಶನಿಗೆ ತನ್ನ ಉಸಿರು ತನಗೇ ಕೇಳಿಸಿತು.

ಶನಿವಾರ, ಮಧ್ಯಾಹ್ನ ಎರಡೂಮುಕ್ಕಾಲು. ಐದು ಗಂಟೆಗೆ ಹೋರಿ ಕದ್ದ ಆರೋಪದ ಮೇಲೆ ಗೆಳೆಯ ದಿಲೀಪನನ್ನು ಕೆ.ಆರ್. ಪೇಟೆಯ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಕಿಕ್ಕೇರಿಯ ಮಂಚಯ್ಯನವರ ಹಳ್ಳಿಕಾರ್ ತಳಿಯ ಬೀಜದ ಹೋರಿ ‘ಮುತ್ತ’ನನ್ನು ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಹೇರಿಕೊಂಡು ಹೋಗಿದ್ದು ದಿಲೀಪನ ಟೆಂಪೋ. ಅದರ ಕೀ ಸದಾ ನೇತಾಡುವುದು ತಿಮ್ಮೇಶನ ಹೆಡ್‌ಫೋನ್ ಅಂಗಡಿಯ ಮೊಳೆಯಲ್ಲಿ. ‘ಯಾರೋ ಎಗರಿಸಿದ್ದಾರೆ ಸಾರ್’ ಎಂದು ತಿಮ್ಮೇಶ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದ.

ಸೋಮವಾರ ದಿಲೀಪನಿಗೆ ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸದ ಪರೀಕ್ಷೆ. ಎರಡು ವರ್ಷ ಕಾದಿದ್ದ. ಒಮ್ಮೆ ಜೈಲಿನ ಬಾಗಿಲು ದಾಟಿದವನ ಕೈಗೆ ಸ್ಟೀರಿಂಗ್ ಯಾರು ಕೊಡುತ್ತಾರೆ?

ಕಿರಂಗೂರಿನಿಂದ ಕೆ.ಆರ್. ಪೇಟೆಗೆ ಬೈಕಿನಲ್ಲಿ ಒಂದು ಗಂಟೆ. ಅಂದರೆ ನಾಲ್ಕಕ್ಕೆ ಮೊದಲು ಇಲ್ಲಿಂದ ಹೊರಡಬೇಕು. ಕೈಯಲ್ಲಿ ಸಾಕ್ಷಿ ಇರಬೇಕು. ಆ ಸಾಕ್ಷಿ ಈ ಕೋಣೆಯ ಕಂಪ್ಯೂಟರಿನಲ್ಲಿತ್ತು.

ತಿಮ್ಮೇಶ ಮೇಜಿನ ಮೇಲೆ ಬ್ಯಾಗು ಸುರಿದ. ಎರಡು ಹೆಡ್‌ಫೋನು, ಒಂದು ಮೈಕು, ಅಂಗೈಯಗಲದ ಒಂದು ಆಂಪ್ಲಿಫೈಯರ್. ಗೇಮಿಂಗಿಗೆ ಒಳ್ಳೆಯ ಸೆಟ್ಟು ಬೇಕೆಂದು ಕುಮಾರ್ ಎರಡು ವಾರದ ಹಿಂದೆಯೇ ಕೇಳಿದ್ದ. ಅದೇ ನೆಪವಾಯಿತು.

"ಮೊದ್ಲು ಕಾಯಿಲೆ ಹೇಳು, ಆಮೇಲೆ ಇಂಜೆಕ್ಷನ್ನು," ಎಂದ ತಿಮ್ಮೇಶ.

"ನಾನು ಲೈವ್ ಆಡ್ತಾ ಇದ್ರೆ ನೋಡೋರೆಲ್ಲ ಆಡ್ಕೋತಾರೆ ಕಣ್ಲಾ. ಅವ್ವ ಕೆಮ್ಮಿದ್ರೂ ಕೇಳುಸ್ತದಂತೆ, ಕುಕ್ಕರ್ ಕೂಗಿದ್ರೂ ಕೇಳುಸ್ತದಂತೆ. ಆಟದಾಗೆ ಹಿಂದಿಂದ ಬರೋ ಶತ್ರು ಹೆಜ್ಜೆ ಮಾತ್ರ ನಂಗೇ ಕೇಳ್ಸಕಿಲ್ಲ."

ಮಾನಿಟರಿನ ಪಕ್ಕ ನಿಂತಿದ್ದ ಹೊಳೆಹೊಳೆವ ಮೈಕನ್ನು ತಿಮ್ಮೇಶ ಬೆರಳಿನಿಂದ ತಟ್ಟಿದ. "ಇವಳು ಕಂಡೆನ್ಸರ್ ಮೈಕು. ನೋಡಕ್ಕೆ ಹೀರೋಯಿನ್ನು, ಬುದ್ಧಿ ಮಾತ್ರ ಬಚ್ಚಲ ಮನೆ ಕಿಟಕಿ ಪಕ್ಕ ನಿಲ್ಲೋ ಪಕ್ಕದ್ಮನೆಯೋಳ್ದು. ಮೂರು ಗೋಡೆ ಆಚೆ ಸೂಜಿ ಬಿದ್ರೂ ಇವಳಿಗೆ ಬೇಕು. ನಿಂಗೆ ಬೇಕಾದೋನು ಇವನು, ಡೈನಮಿಕ್. ಬಾಯಿ ತಂದು ಎದೆಗಿಟ್ಟು ಮಾತಾಡ್ದೋರ್ದು ಬಿಟ್ರೆ ಬೇರೆ ಯಾರ್ದೂ ಕೇಳಾಕಿಲ್ಲ. ವಾಲಗದೋರ ಪಕ್ಕ ನಿಂತು ಮಾತಾಡು, ನಿನ್ ಮಾತೇ ಬರ್ತದೆ."

"ಹೆಡ್‌ಫೋನು?"

"ಇದು ಓಪನ್ನು. ಬೆನ್ನಲ್ಲಿ ಜಾಲರಿ ಐತೆ ನೋಡು. ಜಗಲಿ ಮೇಲೆ ಕೂತಂಗೆ. ಹೆಜ್ಜೆ ಎಡಗಡೆಯಿಂದ ಬಂತಾ, ಮೆಟ್ಟಿಲಿಂದ ಬಂತಾ, ಬೆರಳಿಟ್ಟು ತೋರಿಸ್ಬೋದು. ಆದ್ರೆ ಒಳಗಿಂದು ಹೊರಕ್ಕೆ, ಹೊರಗಿಂದು ಒಳಕ್ಕೆ. ಇದು ಕ್ಲೋಸ್ಡು. ಬಾಗ್ಲು ಹಾಕ್ಕಂಡು ಮಲಗ್ದಂಗೆ. ಗಲಾಟೆ ಇರೋ ಮನೆಗೆ ಇದು."

"ನನ್ ರೂಮು ಸೈಲೆಂಟು ಕಣ್ಲಾ. ಓಪನ್ನೇ ಕೊಡು."

"ಕೊಡ್ತೀನಿ. ಆದ್ರೆ ಇವನು ಇನ್ನೂರೈವತ್ತು ಓಮಿನ ಗಿರಾಕಿ. ಸುಮ್ನೆ ಕಂಪ್ಯೂಟರ್‌ಗೆ ಚುಚ್ಚಿದ್ರೆ ಸೊಳ್ಳೆ ಗುಯ್‌ಗುಟ್ಟಿದಂಗೆ ಕೇಳ್ತದೆ. ಆಂಪ್ಲಿಫೈಯರ್ ಬೇಕೇ ಬೇಕು. ಗಾಡಿ ದೊಡ್ದಾದ್ರೆ ಎಳೆಯೋ ಹೋರೀನೂ ದೊಡ್ದಿರ್ಬೇಕು ತಾನೆ?"

ಹೋರಿ ಎಂದಾಗ ಕುಮಾರನ ಕಣ್ಣು ಒಮ್ಮೆ ಹಿಂದಿನ ಗೋಡೆಗೆ ಹೋಗಿ ಬಂತು. ತಿಮ್ಮೇಶ ಅದನ್ನು ನೋಡಿದ. ಅರ್ಥ ಮಾತ್ರ ಆಗಲಿಲ್ಲ.

ಮೇಜಿನ ಕೆಳಗೆ ಬಗ್ಗಿ ಹಳೆಯ ಆಂಪ್ಲಿಫೈಯರ್ ಬಿಚ್ಚಿದ. ಅದರ ಬೆನ್ನಿಗೆ ಚುಚ್ಚಿದ್ದ ವೈರುಗಳನ್ನೆಲ್ಲ ಒಂದೊಂದಾಗಿ ಕಿತ್ತು, ಅದೇ ಕ್ರಮದಲ್ಲಿ ಹೊಸದಕ್ಕೆ ಚುಚ್ಚಿದ. ಅಂಗಡಿಯವನ ಕೈಗೆ ಅಂಟಿದ ಅಭ್ಯಾಸ. ಗಿರಾಕಿಯ ಮನೆಯ ವೈರು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಕೇಳುತ್ತ ಕೂತರೆ ಸಂಜೆಯಾಗುತ್ತದೆ. ಒಂದು ತೆಳು ಕರಿ ವೈರು ಗೋಡೆಯ ಬುಡದ ತೂತಿನಲ್ಲಿ ತೂರಿತ್ತು. ಅದನ್ನೂ ಚುಚ್ಚಿದ.

ಮೊಬೈಲು ಅವನ ಬಳಿ ಇರಲಿಲ್ಲ. ಮೈಕಿನ ಹತ್ತಿರ ಮೊಬೈಲಿದ್ದರೆ ಜೀಂಯ್‌ಗುಟ್ಟುತ್ತದೆಂದು ಬರುವಾಗಲೇ ನಡುಮನೆಯಲ್ಲಿ ಕುಮಾರನ ತಾಯಿ ಪುಟ್ಟಲಕ್ಷ್ಮಮ್ಮನ ಕೈಗೆ ಕೊಟ್ಟು ಬಂದಿದ್ದ. ಅದೂ ಅಭ್ಯಾಸವೇ.

ಕುಮಾರನ ಕಿವಿಗೆ ಕ್ಲೋಸ್ಡ್ ಹೆಡ್‌ಫೋನನ್ನು ತಾನೇ ತೊಡಿಸಿದ. ಕಂಪ್ಯೂಟರಿನಲ್ಲಿ ಒಂದು ವಿಡಿಯೋ ಹುಡುಕಿ ಒತ್ತಿದ. ಒತ್ತುವ ಮೊದಲು ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಜೇಬಿಗೆ ಹಾಕಿಕೊಂಡಿದ್ದನ್ನು ಕುಮಾರ್ ಗಮನಿಸಲಿಲ್ಲ.

ಪರದೆಯ ಮೇಲೆ ಕುಮಾರ್ ಇದೇ ಕುರ್ಚಿಯಲ್ಲಿ ಕೂತು ಆಡುತ್ತಿದ್ದ. ಗುಂಡಿನ ಮೊರೆತ, ಬೈಗುಳ, ನಗು.

"ಇದ್ಯಾಕ್ಲಾ? ಇದು ಗುರುವಾರದ್ದು," ಎಂದ ಕುಮಾರ್.

"ಗೊತ್ತು ಗುರೂ. ಇದೇ ತಾನೇ ನಿನ್ ರಕ್ಷಣಾ ಕವಚ?"

ಹೌದು. ಗುರುವಾರ ಒಂಬತ್ತೂಮುಕ್ಕಾಲರಿಂದ ಹನ್ನೆರಡರವರೆಗೆ ಕುಮಾರ್ ಲೈವ್ ಆಡಿದ್ದ. ನಲವತ್ತು ಜನ ನೋಡಿದ್ದರು. ಅಂಗಡಿಗೆ ಬಂದುಹೋಗುವವರನ್ನೆಲ್ಲ ವಿಚಾರಿಸಿದ ಪೊಲೀಸರೂ ಅದನ್ನು ನೋಡಿ, ಇವನು ಕಿರಂಗೂರಿನಲ್ಲೇ ಇದ್ದ ಎಂದು ತಲೆಯಾಡಿಸಿದ್ದರು.

"ಇಪ್ಪತ್ತೇಳನೇ ನಿಮಿಷ. ಅಂದ್ರೆ ಗುರುವಾರ ಬೆಳಗ್ಗೆ ಹತ್ತೂ ಹನ್ನೆರಡು. ಕಿವಿ ಕೊಟ್ಟು ಕೇಳು."

ಕುಮಾರ್ ಕೇಳಿದ. ಗುಂಡು. ಗುಂಡು. ಕುಕ್ಕರ್ ಶೀಟಿ. ಆಮೇಲೆ ದೂರದಲ್ಲೆಲ್ಲೋ ಒಂದು ‘ಟಕ್’. ಅದರ ಹಿಂದೆಯೇ ಗುಂಯ್ ಎಂದು ಏರಿ ನಿಂತ ಒಂದು ಮೊರೆತ.

ಅವನು ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

"ಏನದು?" ಎಂದ ತಿಮ್ಮೇಶ.

"ಪಂಪ್‌ಸೆಟ್ಟು. ಹಿತ್ಲಾಚೆ ಜವರಯ್ಯನೋರ್ದು. ಅದ್ಕೇನೀಗ?"

"ಜವರಯ್ಯನೋರು ಹೊಲಕ್ಕೆ ಹೋಗಿ ಸ್ವಿಚ್ ಒತ್ತಿದ್ರಾ?"

"ಅವ್ರ್ಯಾಕ್ಲಾ ಒತ್ತಾರು? ಆಟೋ ಸ್ಟಾರ್ಟರ್ ಐತೆ. ತ್ರೀ ಫೇಸ್ ಕರೆಂಟ್ ಬಂದ್ ತಕ್ಷಣ ತಾನಾಗೇ..."

ಕುಮಾರ್ ಅಲ್ಲಿಗೆ ನಿಂತ.

"ಹೇಳು ಮಗನೇ, ಹೇಳು. ಡೈಲಾಗು ಅರ್ಧಕ್ಕೆ ನಿಲ್ಲಿಸ್ಬಾರ್ದು, ಥಿಯೇಟರ್‌ನಲ್ಲಿ ಸೀಟು ಹರೀತಾರೆ." ತಿಮ್ಮೇಶ ಕುರ್ಚಿಯ ಎರಡು ಕೈಗಳನ್ನೂ ಹಿಡಿದು ಬಗ್ಗಿದ. "ಈ ವಾರ ನಿಮ್ಮೂರಿಗೆ ಯಾವ ಪಾಳಿ? ರಾತ್ರಿ ಪಾಳಿ. ತ್ರೀ ಫೇಸು ಬರೋದು ರಾತ್ರಿ ಹತ್ತಕ್ಕೆ. ಸೋಮವಾರದಿಂದ ಜವರಯ್ಯ ಕರೆಂಟ್‌ನೋರಿಗೆ ಬೈಯದ ದಿನ ಇಲ್ಲ. ಹಗಲು ಪಾಳಿ ಇದ್ದಿದ್ದು ಹೋದ ವಾರ. ಗುರುವಾರ ಬೆಳಗ್ಗೆ ಹತ್ತಕ್ಕೆ ಯಾವ ದೇವರು ಬಂದು ಪಂಪು ಸ್ಟಾರ್ಟ್ ಮಾಡ್ದ?"

ಕುಮಾರ್ ಹೆಡ್‌ಫೋನು ತೆಗೆದ.

"ಇದು ಹೋದ ವಾರ ಆಡಿದ ಆಟ. ಫೈಲಿನ ತಾರೀಕೂ ಹೋದ ವಾರದ್ದೇ. ಅದನ್ನೇ ಈ ಗುರುವಾರ ಲೈವ್ ಅಂತ ಓಡಿಸ್ಬುಟ್ಟು ನೀನು ಕಿಕ್ಕೇರಿಗೆ ಹೋದೆ. ಬುದ್ಧಿವಂತ. ಗೋಡೆ ಕ್ಯಾಲೆಂಡರ್ ಕಾಣ್ದಂಗೆ ಕ್ಯಾಮೆರಾ ತಿರುಗ್ಸಿದೀಯ. ಗಡಿಯಾರ ಮುಚ್ಚಿದೀಯ. ಕರೆಂಟಿನ ಪಾಳಿ ಮರೆತೆ. ನೀನು ಕಂಡೆನ್ಸರ್ ಮೈಕು ತಗೊಂಡಿದ್ದೇ ನಿನ್ ಗ್ರಹಚಾರ. ಡೈನಮಿಕ್ ಆಗಿದ್ರೆ ಈ ಪಂಪು ಕೇಳ್ತಾನೇ ಇರ್ಲಿಲ್ಲ."

ಆಹಾ! ನೀವೂ ಒಂದು ಶಿಳ್ಳೆ ಹೊಡೆಯಬಹುದು. ಆದರೆ ಕುಮಾರ್ ಹೊಡೆಯಲಿಲ್ಲ.

"ಮಂಚಯ್ಯ ನಮ್ಮವ್ವನ ಒಡಹುಟ್ಟಿದ ಅಣ್ಣ ಕಣ್ಲಾ. ಸೋದರಮಾವನ ಹೋರಿ ನಾನ್ಯಾಕ್ಲಾ ಕದೀಲಿ?"

"ಅದನ್ನ ನೀನೇ ಹೇಳು. ಹೋರಿ ಎಲ್ಲೈತೆ? ಅದನ್ನೂ ಹೇಳು. ಪಾಪ ದಿಲೀಪ ಜೈಲಲ್ಲಿ..."

"ಪಾಪನಾ?" ಕುಮಾರ್ ಎದ್ದು ನಿಂತ. ಅವನ ದನಿಯಲ್ಲಿ ಈಗ ಸಿಟ್ಟಿಗಿಂತ ನಗು ಹೆಚ್ಚಿತ್ತು. "ಲೇ ತಿಮ್ಮ, ನೀನು ಯಾವ ಬಾಯಲ್ಲಿ ಪಾಪ ಅಂತೀಯಲಾ? ಹೋಗು, ಪೊಲೀಸ್ ಹತ್ರ ಹೋಗು. ಹೇಳೋದಾದ್ರೆ ಎಲ್ಲಾನೂ ಹೇಳು. ಪಂಪ್‌ಸೆಟ್ಟಿಂದು ಒಂದೇ ಅಲ್ಲ."

ತಿಮ್ಮೇಶ ಕುರ್ಚಿಯ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಯಾಕೆ ಎಂದು ನನ್ನನ್ನು ಈಗ ಕೇಳಬೇಡಿ.

ಆ ಒಂದು ಗಳಿಗೆ ಸಾಕಾಯಿತು. ಕುಮಾರ್ ಕಂಪ್ಯೂಟರಿನ ಇಂಟರ್ನೆಟ್ ವೈರನ್ನು ಕಿತ್ತು ಕೈಗೆ ಸುತ್ತಿಕೊಂಡು, ಎರಡೇ ಹೆಜ್ಜೆಯಲ್ಲಿ ಹೊರಗಿದ್ದ. ಬಾಗಿಲು ಗುಪ್ ಎಂದಿತು. ಹೊರಗಿನ ಅಗುಳಿ ಬಿದ್ದ ಸದ್ದು ಕೂಡ ಕೇಳಿಸಲಿಲ್ಲ. ಬಾಗಿಲ ಹಿಡಿಯಲ್ಲಿ ಒಂದು ಸಣ್ಣ ನಡುಕ ಬಂತು, ಅಷ್ಟೇ.

"ಲೇ ಕುಮಾರ! ಕ್ಲೈಮ್ಯಾಕ್ಸ್ ನಂದು ಕಣ್ಲಾ! ಬಾಗ್ಲು ತೆಗಿ!"

ಕೂಗು ಬಾಯಿಂದ ಹೊರಟು, ಒಂದು ಮಾರು ದೂರ ಹೋಗಿ, ಸತ್ತು ಬಿತ್ತು.

ಬಾಗಿಲಿಗೆ ಭುಜ ಕೊಟ್ಟ. ಸಿನಿಮಾದಲ್ಲಿ ಒಂದೇ ಏಟಿಗೆ ಬಾಗಿಲು ಹಾರುತ್ತದೆ. ಇಲ್ಲಿ ಭುಜ ಹಾರಿಹೋಗುವ ಹಾಗಾಯಿತು. ಹಲಸಿನ ಹಲಗೆ. ಹಳೇ ಕಾಲದ್ದು. ಒದ್ದ. ಗುದ್ದಿದ. "ಪುಟ್ಟಲಕ್ಷ್ಮಕ್ಕಾ!" ಎಂದು ಅರಚಿದ. ಅಕ್ಕ ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿರಬೇಕು. ಹತ್ತು ಹೆಜ್ಜೆ ಆಚೆ. ಆಕೆಗೆ ಸೊಪ್ಪು ಮುರಿಯುವ ಸದ್ದು ಕೇಳುತ್ತಿರಬಹುದು, ಇವನದು ಇಲ್ಲ.

ಕಿಟಕಿಗೆ ಹಲಗೆ ಬಡಿದಿತ್ತು. ಹಲಗೆ ಕಿತ್ತರೆ ಇಟ್ಟಿಗೆ. ಫ್ಯಾನಿನ ಸ್ವಿಚ್ಚು ಹೊರಗಿನ ಗೋಡೆಯಲ್ಲಿತ್ತು. ಕುಮಾರ್ ಅದನ್ನು ಆರಿಸಿದ. ಮೂರು ರೆಕ್ಕೆಗಳು ನಿಧಾನವಾಗಿ ಸುತ್ತಿ, ಇನ್ನೂ ನಿಧಾನವಾಗಿ ಸುತ್ತಿ, ನಿಂತುಹೋದವು. ಕಂಪ್ಯೂಟರ್ ಮಾತ್ರ ಉರಿಯುತ್ತಿತ್ತು. ಪರದೆಯ ಮೂಲೆಯಲ್ಲಿ ಮೂರೂ ಇಪ್ಪತ್ತು.

ಸೆಕೆ ಕುತ್ತಿಗೆಗೆ ಬಂದು ಕೂತಿತು. ಗಾಳಿ ಇದೆ ಎಂದು ಬುದ್ಧಿಗೆ ಗೊತ್ತು, ಎದೆ ನಂಬಲೊಲ್ಲದು. ತಿಮ್ಮೇಶ ನೆಲಕ್ಕೆ ಕೂತು, ಬಾಗಿಲಿನ ಕೆಳ ಅಂಚಿಗೆ ಮೂಗು ಇಟ್ಟ. ಟ್ಯೂಬಿನ ರಬ್ಬರು ವಾಸನೆ.

ಹಾಗೆ ಕೆಳಗೆ ಕೂತಾಗಲೇ ಅವನಿಗೆ ಗೋಡೆಗಳು ಕಂಡವು.

ಅಂಗಡಿ ಶುರುವಾದ ಮೇಲೆ ಇಂಥ ಹತ್ತಾರು ಕೋಣೆಗಳನ್ನು ಅವನು ನೋಡಿದ್ದ. ಕೆ.ಆರ್. ಪೇಟೆಯಲ್ಲಿ, ನಾಗಮಂಗಲದಲ್ಲಿ, ಗಂಜಾಂನಲ್ಲಿ ಆಡುವ ಹುಡುಗರೆಲ್ಲ ಮೊಟ್ಟೆ ಟ್ರೇ ಅಂಟಿಸುತ್ತಾರೆ. ಎಲ್ಲಿ? ಮೈಕಿನ ಎದುರು, ತಮ್ಮ ಬಾಯಿ ತಿರುಗಿರುವ ಕಡೆ. ತಮ್ಮ ದನಿ ಗೋಡೆಗೆ ಬಡಿದು ವಾಪಸ್ ಬರಬಾರದೆಂದು. ಇಲ್ಲಿ ಎದುರಿನ ಗೋಡೆ ಬೋಳು. ಎಡ ಬಲದ್ದೂ ಬೋಳು. ಬಾಗಿಲಿಗೆ ಟ್ಯೂಬು, ಕಿಟಕಿಗೆ ಇಟ್ಟಿಗೆ. ಹಿಂದಿನ ಗೋಡೆಗೆ ಮಾತ್ರ ನೆಲದಿಂದ ಸೂರಿನವರೆಗೆ ಮೊಟ್ಟೆ ಟ್ರೇ, ಅದರ ಹಿಂದೆ ಹಳೇ ಹಾಸಿಗೆ, ಅದರ ಹಿಂದೆ ಗೋಣಿ. ಎಲ್ಲವೂ ಹೊಸದಾಗಿ ಬಡಿದದ್ದು. ಮೊಳೆಗೆ ತುಕ್ಕು ಕೂಡ ಹಿಡಿದಿರಲಿಲ್ಲ.

ಇದು ತನ್ನ ದನಿಗಾಗಿ ಮಾಡಿದ ಕೋಣೆಯಲ್ಲ. ಆ ಗೋಡೆಯ ಆಚೆಯಿಂದ ಬರುವ ದನಿಯನ್ನು ಈ ಕೋಣೆಯ ಮೈಕಿಗೂ ಮುಂದಿನ ಬೀದಿಗೂ ಕೇಳಿಸದ ಹಾಗೆ ಮಾಡಿದ್ದು.

ಆಚೆ ಏನಿದೆ? ಒಳಗೆ ಬರುವಾಗ ಪುಟ್ಟಲಕ್ಷ್ಮಮ್ಮ ಹೇಳಿದ್ದು ನೆನಪಾಯಿತು. ಹಿಂದಿನ ಕೊಟ್ಟಿಗೆಗೆ ಬೀಗ ಯಾಕಕ್ಕಾ ಎಂದರೆ, "ಉಲ್ಲು ತುಂಬ್ಸಿವ್ನಿ ಕಣಪ್ಪ, ದನಾನೆಲ್ಲ ಮುಂದ್ಗಡೆಗೆ ಕಟ್ಟಿವ್ನಿ" ಎಂದಿದ್ದರು. ಹುಲ್ಲಿಗೆ ಬೀಗ!

ತಿಮ್ಮೇಶ ಮೇಜಿನ ಕಡೆ ತಿರುಗಿದ. ಬದುಕಿನಲ್ಲಿ ಸಾವಿರ ಗಿರಾಕಿಗಳಿಗೆ ಸೆಟ್ಟು ಆರಿಸಿಕೊಟ್ಟವನು ಈಗ ತನಗೇ ಆರಿಸಿಕೊಳ್ಳಬೇಕಿತ್ತು.

ಮೈಕು? ಡೈನಮಿಕ್ ಬೇಡ. ಅವನು ಸಂಭಾವಿತ, ಗೋಡೆಯಾಚೆಯದು ಅವನಿಗೆ ಬೇಡ. ಈಗ ಬೇಕಾದವಳು ಕಂಡೆನ್ಸರ್ ಮಹಾರಾಣಿಯೇ. ನಾಲ್ಕು ಮೊಟ್ಟೆ ಟ್ರೇ ಕಿತ್ತು, ಹಾಸಿಗೆಯ ಹತ್ತಿ ಬಗೆದು, ಗೋಣಿ ಹರಿದು, ಮಣ್ಣಿನ ಗೋಡೆಗೆ ಮೈಕಿನ ಮುಖ ಒತ್ತಿ ನಿಲ್ಲಿಸಿದ.

ಹೆಡ್‌ಫೋನು? ಓಪನ್ ಹಾಕಿದರೆ ತನ್ನ ಏದುಸಿರೇ ಕೇಳುತ್ತದೆ. ಮುಚ್ಚಿದ್ದೇ ಸರಿ.

ಆಂಪ್ಲಿಫೈಯರಿನ ತಿರುಗಣಿಯನ್ನು ಗಿರಾಕಿಗಳಿಗೆ ಎಂದೂ ಅರ್ಧಕ್ಕಿಂತ ಮೇಲೆ ತಿರುಗಿಸಲು ಬಿಟ್ಟವನಲ್ಲ. ಈಗ ತಿರುಗಿಸಿದ. ಮುಕ್ಕಾಲು. ಇನ್ನೂ ಸ್ವಲ್ಪ.

ಕುಂಯ್...

ಕಿವಿ ಕೊರೆಯುವ ಒಂದು ಸಣ್ಣ ಕೂಗು ಎದ್ದಿತು. ವೈರು ಸಡಿಲವಾಗಿರಬೇಕು ಎಂದುಕೊಂಡು ಕೊಂಚ ತಗ್ಗಿಸಿದ. ಕೂಗು ನಿಂತಿತು. ಅವನು ಮತ್ತೆ ಅದರ ಬಗ್ಗೆ ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ಮೊದಲು ಬರೀ ಮರಳು ಸುರಿದ ಹಾಗೆ ಸದ್ದು. ಆಮೇಲೆ ಮರಳಿನೊಳಗಿಂದ ಒಂದೊಂದೇ ಮೇಲೆ ಬಂದವು. ಹುಲ್ಲು ಸರಿದದ್ದು. ಏನೋ ಭಾರವಾದದ್ದು ಕಾಲು ಬದಲಿಸಿದ್ದು. ಗೊರಸು. ದೊಡ್ಡ ಮೂಗಿನ ದೊಡ್ಡ ಉಸಿರು.

ಠಣ್.

ಕಂಚಿನ ಗಂಟೆ. ಒಡೆದ ಅಂಚಿನದ್ದು, ಕೊನೆಗೆ ಸ್ವಲ್ಪ ಗೊಗ್ಗರಾಗುವ ಗಂಟೆ. ಮುತ್ತನ ಕೊರಳ ಗಂಟೆಯ ಅಂಚು ಒಡೆದಿದೆ ಎಂದು ಮಂಚಯ್ಯನವರ ದೂರಿನಲ್ಲೇ ಬರೆದಿತ್ತು.

ತಿಮ್ಮೇಶ ಬಾಯಿಗೆ ಕೈ ಅಡ್ಡ ಹಿಡಿದು ಕುಣಿದ. ಒಂದು ಮಾರು ಜಾಗದಲ್ಲಿ ಎಷ್ಟು ಕುಣಿಯಬಹುದೋ ಅಷ್ಟು. ಹೋರಿ ಇಲ್ಲೇ ಇದೆ! ಜೇಬಿನಲ್ಲಿ ಫೈಲು, ಗೋಡೆಯಾಚೆ ಹೋರಿ. ಇನ್ನು ಬಾಗಿಲೊಂದು ತೆರೆದರೆ ದಿಲೀಪ ಸೋಮವಾರ ಬಸ್ಸು ಓಡಿಸುತ್ತಾನೆ.

ಆಗ ಆಚೆ ಬೀಗ ತೆರೆದ ಸದ್ದಾಯಿತು. ಚಪ್ಪಲಿ ಬಿಟ್ಟ ಸದ್ದು. ಕೊಟ್ಟಿಗೆಗೆ ಹೋಗುವಾಗ ಚಪ್ಪಲಿ ಬಿಡುವ ಕಳ್ಳ!

"ಬಂದೆ ಬಂದೆ. ಬಸ್ಸು ತಡ ಆಯ್ತು ಕಣೋ ಮಗಾ. ಕಿಕ್ಕೇರಿಯಿಂದ ಇಲ್ಲಿಗಂಟ ನಿಂತ್ಕಂಡೇ ಬಂದೆ."

ತಿಮ್ಮೇಶನ ಕೈ ಹೆಡ್‌ಫೋನಿನ ಮೇಲೆಯೇ ನಿಂತಿತು.

ಮಾತಿನ ಕೊನೆಗೆ ಮಗಾ ಎನ್ನುವ, ಹೊಗೆಸೊಪ್ಪು ತಿಂದು ಒಣಗಿದ ಆ ಗಂಟಲನ್ನು ಅವನು ನಿನ್ನೆ ತಾನೇ ಠಾಣೆಯಲ್ಲಿ ಕೇಳಿದ್ದ. ‘ನನ್ ಹೋರಿ ಹುಡುಕ್ಕೊಡಿ ಸ್ವಾಮಿ’ ಎಂದು ಕೈಮುಗಿದು ನಿಂತಿದ್ದ ಗಂಟಲು.

ಮಂಚಯ್ಯ. ಹೋರಿಯ ಯಜಮಾನ.

"ಬೂಸ ತಿನ್ನು. ಯಾಕ್ ಮಗಾ, ಮುನುಸ್ಕಂಡಿದೀಯಾ?" ದೊರಗು ನಾಲಿಗೆ ಮನುಷ್ಯನ ತೋಳನ್ನು ನೆಕ್ಕುವ ಸರ್ ಸರ್ ಸದ್ದು ತಿಮ್ಮೇಶನ ಎರಡೂ ಕಿವಿಯಲ್ಲಿ ತುಂಬಿತು. "ನಾನೇನ್ ಮಾಡ್ಲಿ ಯೋಳು. ಮಗ್ಳು ಲತುನ್ ಮದ್ವೆ ಮಾತುಕತೇಲಿ ನಾಗಮಂಗಲದ ಬೀಗ್ರು ಕೇಳ್ಬುಟ್ರು. ಅತ್ತು ಜನದ್ ಮುಂದೆ, ವೀಳ್ಯ ಇಡ್ಕಂಡು, ಮಗಳ ಜೊತೆ ಮುತ್ತನ್ನೂ ಕಳುಸ್ತೀನಿ ಅಂದ್ಬುಟ್ಟೆ. ಮಗಳ್ನ ಕಳು‌ಸ್ದೆ. ನಿನ್ನ ಕಳ್ಸಕ್ಕಾಗ್ನಿಲ್ಲ, ಕುಮಾರನ ಕೈಲಿ ಇಲ್ಲಿಗ್ ಸಾಗುಸ್ದೆ. ಕಳ್ರು ಒಡ್ಕಂಡೋದ್ರು ಅಂದ್ರೆ ಮಾತ್ ತಪ್ದಂಗಾಗಾಕಿಲ್ಲ ಅಂದ್ಕಂಡೆ."

ಬಹಳ ಹೊತ್ತು ಬೂಸ ಮೆಲ್ಲುವ ಸದ್ದು.

"ಆ ಉಡ್ಗ ಯಾರೋ ಸಿಕ್ಕಾಕಂಡವ್ನೆ. ಅವನ್ನ ಇಡೀತಾರೆ ಅಂತ ನಂಗೇನ್ ಗೊತ್ತು ಮಗಾ? ದೂರು ವಾಪಸ್ ತಗೊಂಡ್ರೆ ಹೋರಿ ಎಲ್ಲಿ ಅಂತಾರೆ. ಬೀಗ್ರು ಮುಂದೆ ಮೊಕ ಎಂಗ್ ಎತ್ಲಿ?"

ತಿಮ್ಮೇಶ ಗೋಡೆಗೆ ಒರಗಿ ಕೂತ. ಪರದೆಯ ಮೂಲೆಯಲ್ಲಿ ಮೂರೂ ನಲವತ್ತೊಂದು. ಕಳ್ಳತನವೇ ಆಗಿಲ್ಲ. ಕಳ್ಳತನ ಆಗದ ಕೇಸಿನಲ್ಲಿ ಗೆಳೆಯ ಜೈಲಿಗೆ ಹೋಗುತ್ತಿದ್ದಾನೆ. ಇದನ್ನು ಪೊಲೀಸರಿಗೆ ಹೇಳಬೇಕು. ಹೇಳಿದರೆ ಕುಮಾರನನ್ನು ಕರೆಯುತ್ತಾರೆ. ಕುಮಾರ್ ಬಾಯಿ ಬಿಡುತ್ತಾನೆ.

ಅಲ್ಲಿಗೆ ತಿಮ್ಮೇಶ ತಲೆಯನ್ನು ಮೊಣಕಾಲಿನ ನಡುವೆ ಹುದುಗಿಸಿ, ತನ್ನಷ್ಟಕ್ಕೆ, ಯಾರಿಗೂ ಕೇಳಿಸದ ಈ ಕೋಣೆಯಲ್ಲಿ, ಗೋಡೆಗೆ ಒರಗಿದ ಮೈಕಿನಿಂದ ಗೇಣು ದೂರದಲ್ಲಿ, ನಾಲ್ಕು ಮಾತು ಗೊಣಗಿದ. ಏನು ಗೊಣಗಿದ ಎಂದು ಆಮೇಲೆ ಹೇಳುತ್ತೇನೆ.

ಹೆಡ್‌ಫೋನಿನಲ್ಲಿ ಬೂಸದ ಸದ್ದು ನಿಂತಿತು. ಗಂಟೆ ನಿಂತಿತು. ಹೋರಿಯೂ ಕಿವಿ ನೆಟ್ಟಗೆ ಮಾಡಿದ ಹಾಗೆ.

"ಯಾರ್ಲಾ ಅದು?"

ದನಿ ಗೋಡೆಯ ಹತ್ತಿರ ಬಂತು. ಹೆಡ್‌ಫೋನಿನೊಳಗೆ ಅದು ತಿಮ್ಮೇಶನ ಮೆದುಳಿನ ಪಕ್ಕದಲ್ಲೇ ಕೂತು ಕೇಳಿದ ಹಾಗಿತ್ತು.

"ಸ್ಪೀಕರ್‌ನಾಗೆ ಮಾತಾಡ್ತಾ ಇರೋದು ಯಾರ್ಲಾ?"

ಸ್ಪೀಕರ್!

ತಿಮ್ಮೇಶ ಮೇಜಿನ ಕೆಳಗೆ ನೋಡಿದ. ತೆಳು ಕರಿ ವೈರು. ಗೋಡೆಯ ಬುಡದ ತೂತು. ಒಂಟಿಯಾಗಿ ಕಟ್ಟಿದ ಹೋರಿ ಬೆದರದಿರಲೆಂದು ಈ ಕಂಪ್ಯೂಟರಿನಿಂದ ಕೊಟ್ಟಿಗೆಗೆ ಹಾಡು ಹಾಕುತ್ತಿದ್ದರು. ಹಾಲು ಕರೆಯುವ ಮನೆಗಳಲ್ಲಿ ಯಾರು ಹಾಕುವುದಿಲ್ಲ? ಆ ವೈರನ್ನು ಹೊಸ ಆಂಪ್ಲಿಫೈಯರಿಗೆ ತನ್ನ ಕೈಯಾರೆ ಚುಚ್ಚಿದವನು ತಿಮ್ಮೇಶನೇ. ಮೈಕಿನ ಹತ್ತಿರ ಅವನು ಗೊಣಗಿದ ಒಂದೊಂದು ಮಾತೂ ಆಚೆ ಮಂಚಯ್ಯನವರ ತಲೆಯ ಮೇಲೆ ಮೊಳಗುತ್ತಿತ್ತು.

ಮತ್ತೆ ಆ ಕುಂಯ್ ಎಂಬ ಕೂಗು! ಮೈಕು ತನ್ನದೇ ಸ್ಪೀಕರಿನ ದನಿ ಕೇಳಿಸಿಕೊಂಡಾಗ ಮಾತ್ರ ಹಾಗೆ ಕೂಗುತ್ತದೆ. ಮದುವೆ ಮನೆಯಲ್ಲಿ ಮೈಕ್‌ಸೆಟ್ ಕಟ್ಟುವ ಎಂಥವನಿಗೂ ಅದು ಗೊತ್ತು. ಪಾಂಡವಪುರದ ಮಹಾಕಿವಿಗೆ ಹೊಳೆಯಲಿಲ್ಲ.

ಆಚೆ ಚಪ್ಪಲಿ ಮೆಟ್ಟಿದ ಸದ್ದು. ಆಮೇಲೆ ಏನೂ ಇಲ್ಲ. ಮನೆಯನ್ನು ಸುತ್ತಿಕೊಂಡು ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಏನೂ ಇಲ್ಲ.

ಬಾಗಿಲು ತೆರೆಯಿತು.

ಗಾಳಿ, ಕೋಳಿ, ಬಸ್ಸಿನ ಹಾರನ್ನು ಎಲ್ಲ ಒಟ್ಟಿಗೆ ಒಳಗೆ ನುಗ್ಗಿದವು. ಹೊಸ್ತಿಲಲ್ಲಿ ಮಂಚಯ್ಯ. ಅರವತ್ತು ದಾಟಿದ ಸಣಕಲು ದೇಹ, ತೋಳಿನ ಮೇಲೆ ಹೋರಿಯ ಜೊಲ್ಲು ಇನ್ನೂ ಒದ್ದೆ. ಅವರ ಹಿಂದೆ ಕುಮಾರ್, ತಲೆ ತಗ್ಗಿಸಿಕೊಂಡು. ಮಂಚಯ್ಯನವರ ಕೈಯಲ್ಲಿ ತಿಮ್ಮೇಶನ ಮೊಬೈಲು.

"ಎದ್ದೇಳಪ್ಪ," ಎಂದರು ಮಂಚಯ್ಯ. ದನಿಯಲ್ಲಿ ಬೈಗುಳ ಇರಲಿಲ್ಲ. "ಈಗ ಗೊಣಗ್ದಲ್ಲ, ಅದು ದಿಟವಾ?"

ತಿಮ್ಮೇಶ ಎದ್ದು, ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ. "ದಿಟ," ಎಂದ.

"ಅಂಗಾರೆ ನಾವಿಬ್ರೂ ಒಂದೇ ಗೂಟದಾಗಿವಿ." ಅವರು ಮೊಬೈಲು ಮುಂದೆ ಹಿಡಿದರು. "ಮಾಡು ಪೋನ. ನಾನು ನಂದ್ ಯೋಳ್ತೀನಿ, ನೀನು ನಿಂದ್ ಯೋಳು. ಇಲ್ದಿದ್ರೆ ಬ್ಯಾಡ. ನೀನು ನಂದ್ ಯೋಳ್ಬ್ಯಾಡ, ನಾನು ನಿಂದ್ ಯೋಳಾಕಿಲ್ಲ. ಅರ್ಧ ಅರ್ಧ ಯೋಳೋದಿಲ್ಲ ಕಣ್ ಮಗಾ. ಯೋಳುದ್ರೆ ಎಲ್ಡೂ."

ಮೊಬೈಲು ಅವರ ಕೈಯಲ್ಲೇ ನಡುಗಿತು. ಪರದೆಯ ಮೇಲೆ ದಿಲೀಪನ ತಂಗಿ ಅನು. ತಿಮ್ಮೇಶ ಒತ್ತಿದ.

"ತಿಮ್ಮಣ್ಣ, ಎಲ್ಲಿದೀಯಾ? ಅಣ್ಣನ್ನ ಜೀಪ್ ಹತ್ತಿಸ್ತಾವ್ರೆ. ಅವ್ನು ಹೇಳ್ದ, ತಿಮ್ಮ ಬಂದೇ ಬರ್ತಾನೆ, ನೀವು ಅಳ್ಬೇಡಿ ಅಂತ. ಸಿಕ್ತೇನಣ್ಣ ಏನಾರಾ? ಅಣ್ಣಾ? ಕೇಳಿಸ್ತಾ ಇಲ್ವಾ?"

ಕೇಳಿಸುತ್ತಿತ್ತು.

ಈಗ ನನ್ನ ಸರದಿ. ಮೊದಲ ಪ್ಯಾರಾದಲ್ಲಿ ಎದೆ ತಟ್ಟಿಕೊಂಡು ಹೇಳಿದೆನಲ್ಲ, ಎರಡು ಕಿವಿಯಿಂದ ಕಳ್ಳನನ್ನು ಹಿಡಿದ ಗಂಡು ಎಂದು? ಸುಳ್ಳು. ಪಂಪ್‌ಸೆಟ್ಟಿನ ಸದ್ದು ನಿಜ, ಪಾಳಿಯ ಲೆಕ್ಕ ನಿಜ. ಆದರೆ ಅದೆಲ್ಲ ಅವನು ಹುಡುಕಿದ್ದು ನಿನ್ನೆ ರಾತ್ರಿ ಕೂತು, ಇಂಟರ್ನೆಟ್ಟಿನಲ್ಲಿ ಉಳಿದಿದ್ದ ಇಡೀ ವಿಡಿಯೋವನ್ನು ಆರು ಸಲ ಕೇಳಿ. ಕುಮಾರನೇ ಎಂದು ಅವನಿಗೆ ಗುರುವಾರವೇ ಗೊತ್ತಿತ್ತು. ಬೇಕಿದ್ದದ್ದು ಇನ್ನೊಂದು ಸಾಕ್ಷಿ. ತನ್ನ ಹೆಸರು ಬಾರದ ಸಾಕ್ಷಿ.

ಬುಧವಾರ ಸಂಜೆ ಕುಮಾರ್ ಅಂಗಡಿಗೆ ಬಂದು, "ನಾಳೆ ಬೆಳಿಗ್ಗೆ ದಿಲೀಪನ ಟೆಂಪೋ ಮಾಯ ಮಾಡ್ಬುಡಾನ ಕಣ್ಲಾ, ಅವನ ಮೊಕ ಎಂಗಾಗ್ತದೆ ನೋಡಾನ" ಎಂದಿದ್ದ. ತಿಮ್ಮೇಶ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಕೀಯನ್ನು ಮೊಳೆಯಿಂದ ಯಾರೂ ಎಗರಿಸಲಿಲ್ಲ. ತಿಮ್ಮೇಶನೇ ತೆಗೆದು, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, ಹೀರೋ ಹಾಗೆ ಎಸೆದಿದ್ದ. ಕುಮಾರ್ ಹಿಡಿದಿದ್ದ. ಗೋಡೆಗೆ ಒರಗಿ ಗೊಣಗಿದ ಆ ನಾಲ್ಕು ಮಾತು ಇಷ್ಟೇ: ಕೀ ಕೊಟ್ಟವನು ನಾನೇ.

ಬಾಗಿಲು ಈಗ ಪೂರ್ತಿ ತೆರೆದಿದೆ. ಮೂರೂ ಐವತ್ತೆರಡು. ಅನು ಇನ್ನೂ ಲೈನಿನಲ್ಲಿದ್ದಾಳೆ. ಹೊರಗೆ ಹೋಗಲು ತಡೆಯುವವರು ಯಾರೂ ಇಲ್ಲ. ತಿಮ್ಮೇಶನ ಕಾಲು ಮಾತ್ರ ಹೊಸ್ತಿಲು ದಾಟಿಲ್ಲ.